ಮಾದಪ್ಪನ ಮುಂದೆ ಆರಿಸಿದ ಕರ್ಪೂರ

ಕವಲಂದೆ
18-8-2002, ಭಾನುವಾರ

ಮರಳಕೊಪ್ಪಲಿನ ಮಾದೇಶ ಅವರಿಗೆ,

ನಿಮ್ಮ ಹೆಂಡತಿ ಕೋಮಲ ಬರೆಯುವ ಕಾಗದ. ನಾನೂ ಮಗಳು ಕವನಳೂ ಇಲ್ಲಿ ತವರಲ್ಲಿ ಚೆನ್ನಾಗಿದ್ದೇವೆ. ನೀವು ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿಲ್ಲ, ಗಡ್ಡ ಬಿಟ್ಟಿದ್ದೀರಿ, ಯಾರ ಜೊತೆಗೂ ಮಾತಿಲ್ಲ ಕತೆಯಿಲ್ಲ ಎಂದು ನಿಮ್ಮ ತಮ್ಮ ರವಿಕುಮಾರ ಹೇಳಿದ. ಗಡ್ಡ ಬಿಡುವುದು ಬೇಡ. ನಿಮ್ಮ ಮುಖಕ್ಕೆ ಅದು ಒಪ್ಪುವುದಿಲ್ಲ. ನಮ್ಮ ಮದುವೆಗೆ ಮುಂಚೆ ಒಮ್ಮೆ ಬಿಟ್ಟಿದ್ದಿರಂತೆ, ನಿಮ್ಮವ್ವನೇ ಹೇಳಿ ನಕ್ಕಿದ್ದರು.

ಕಾಗದವಾದ್ದರಿಂದ ‘ನೀವು’ ಎಂದು ಬರೆಯುತ್ತಿದ್ದೇನೆ. ಎದುರಿಗೆ ಸಿಕ್ಕರೆ ‘ನೀನು’ ಎನ್ನುವವಳೇ ನಾನು. ಕಾಗದದ ಮರ್ಯಾದೆಯೇ ಬೇರೆ, ಬಾಯಿಯ ಸಲಿಗೆಯೇ ಬೇರೆ. ಇದನ್ನು ಓದುವಾಗ ಹಜಾರದಲ್ಲಿ ಯಾರೂ ಇಲ್ಲದಂತೆ ನೋಡಿಕೊಳ್ಳಿ. ನಮ್ಮ ಮನೆಯ ಹಜಾರದಲ್ಲಿ ಯಾರೂ ಇಲ್ಲದ ಹೊತ್ತು ಯಾವುದೆಂದು ನನಗಂತೂ ತಿಳಿಯದು, ನೀವೇ ಹುಡುಕಿಕೊಳ್ಳಬೇಕು.

ರವಿಕುಮಾರ ನಿಮ್ಮ ಮಾತನ್ನು ಹೊತ್ತು ತಂದು, ಬಾಗಿಲಲ್ಲೇ ನಿಂತು, ನೆಲ ನೋಡಿಕೊಂಡು ಒಪ್ಪಿಸಿದ. “ಅಣ್ಣ ಏಳ್ಕಳಿಸವ್ನೆ ಅತ್ತಿಗೆ. ಮೆಂಬರ್‌ಗಿರಿಗೆ ರಾಜೀನಾಮೆ ಬರದುಕೊಟ್ಟು ಬರೋದಾದ್ರೆ ಮನೆಗೆ ಬರ್ಲಿ, ಇಲ್ದಿದ್ರೆ ಅಲ್ಲೇ ಇರ್ಲಿ ಅಂದ.” ಆಮೇಲೆ ನಿಮ್ಮ ಸುದ್ದಿ ನಾಲ್ಕು ಮಾತು ಹೇಳಿ, ನಮ್ಮವ್ವ ಕೊಟ್ಟ ಮಜ್ಜಿಗೆಯನ್ನೂ ಪೂರ್ತಿ ಕುಡಿಯದೆ ಬಸ್ಸಿಗೆ ಓಡಿದ. ಉತ್ತರವನ್ನು ಅವನ ಕೈಯಲ್ಲೇ ಕಳಿಸಬಹುದಿತ್ತು. ಆದರೆ ಅವನು ತಲಕಾಡಿನಲ್ಲಿ ಬಸ್ಸಿಳಿದು ಊರು ಮುಟ್ಟುವಷ್ಟರಲ್ಲಿ ನಾಲ್ಕು ಜನಕ್ಕೆ ಹೇಳಿ, ಒಂದಿಷ್ಟು ಒಗ್ಗರಣೆ ಹಾಕಿ ನಿಮಗೆ ಮುಟ್ಟಿಸುತ್ತಾನೆ. ಮನೆ ಬೇಕೋ ಮೆಂಬರ್‌ಗಿರಿ ಬೇಕೋ ಎಂದು ಗಂಡ ಕೇಳಿದರೆ ಹೆಂಡತಿ ಗಂಡನಿಗೇ ಹೇಳಬೇಕು. ಹೇಳುತ್ತೇನೆ. ಆದರೆ ಒಂದು ಮಾತಿನಲ್ಲಿ ಹೇಳಲಾಗದು, ಸ್ವಲ್ಪ ಹಿಂದಿನಿಂದ ಬರಬೇಕು.

ಅವ್ವ ಎರಡು ದಿನದಿಂದ ನನ್ನ ಮುಖ ನೋಡುತ್ತಿಲ್ಲ. ಕವನ ಮಾತ್ರ ಮತ್ತೆ ಮತ್ತೆ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾಳೆ. ಯಾಕೆಂದು ಕೊನೆಗೆ ಬರೆಯುತ್ತೇನೆ.

ಈ ಸಲ ಯುಗಾದಿ ಕಳೆದ ಮೇಲೆ ನೀವು ಇಲ್ಲಿಗೆ ಬಂದಿರಲ್ಲ, ಅಲ್ಲಿಂದ ಶುರು ಮಾಡುತ್ತೇನೆ. ಮೂರು ವರ್ಷ ಈ ಕಡೆ ತಲೆ ಹಾಕದವರು, ಬಿಳಿ ಅಂಗಿ ಹಾಕಿಕೊಂಡು, ಸ್ಕೂಟರಿನ ಹಿಂದೆ ರವಿಕುಮಾರನನ್ನು ಕೂರಿಸಿಕೊಂಡು ಬಂದಿರಿ. ಅವ್ವ ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ, ಹಿತ್ತಲಿಗೆ ಹೋಗಿ ಕೋಳಿ ಹಿಡಿದಳು. ನಾನು ಒಳಗೆ ಹೋಗಿ ಮುಖ ತೊಳೆದೆ. ಪಕ್ಕದ ಮನೆಯಿಂದ ಒಂದು ಮೊಳ ಕನಕಾಂಬರ ಇಸಿದುಕೊಂಡು ಮುಡಿದೆ. ಹೇಳಿಬಿಡುತ್ತೇನೆ, ನನ್ನ ಎದೆ ಹೊಸ ಮದುವಣಗಿತ್ತಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಕರೆಯಲು ಬಂದಿದ್ದಾರೆ, ಒಂದು ಮಾತಿಗೂ ಕಾಯಿಸದೆ ಹೊರಟುಬಿಡಬೇಕು ಎಂದು ಮನಸ್ಸಿನಲ್ಲೇ ಸೀರೆ ಮಡಿಸಿಡುತ್ತಿದ್ದೆ.

ಊಟವಾದ ಮೇಲೆ ಕೈ ಒರೆಸಿಕೊಳ್ಳುತ್ತಾ ನೀವು ಹೇಳಿದ ಮೊದಲ ಮಾತು ನೆನಪಿದೆಯೇ? “ಪುಟ್ಟಮಾದಮ್ಮ ತೀರೋದ್ಲಲ್ಲ, ಅವ್ಳ ಸೀಟ್ಗೆ ಬೈ-ಎಲೆಕ್ಷನ್ ಬಂದದೆ. ಎಸ್ಸಿ ಲೇಡೀಸು. ನಮ್ಮನೇಲಿ ನಿನ್ ಬಿಟ್ರೆ ಯಾರವ್ರೆ?”

ನಾನು ಎದುರಿಗೆ ನಕ್ಕೆ. ಒಳಗೆ ಹೋಗಿ ರಾಗಿ ತುಂಬಿದ ಮಣ್ಣಿನ ವಾಡೆಗೆ ಹಣೆ ಒತ್ತಿಕೊಂಡು ಅತ್ತೆ. ಗಂಡ ಕರೆಯದಿದ್ದರೂ ಸರ್ಕಾರ ಮೀಸಲಾತಿ ಮಾಡಿ ಕರೆಸಿತಲ್ಲ ಎಂದು ಅವ್ವ ಆಮೇಲೆ ಹಂಗಿಸಿದಳು. ಆದರೂ ಕವನಳನ್ನು ಅವ್ವನ ಹತ್ತಿರ ಬಿಟ್ಟು ನಿಮ್ಮ ಜೊತೆ ಹೊರಟೆ. ಯಾವ ನೆಪದಲ್ಲಾದರೂ ಬಂದಿರಲ್ಲ ಎಂಬ ಸಮಾಧಾನ ಇತ್ತು, ಸುಳ್ಳು ಯಾಕೆ ಹೇಳಲಿ.

ನಾನು ಮನೆ ಬಿಟ್ಟು ಬಂದದ್ದು ಯಾಕೆಂದು ನಿಮಗೆ ಗೊತ್ತು. ಊರವರಿಗೆ ಬೇರೆ ಬೇರೆ ಹೇಳಿಕೊಂಡಿದ್ದೀರಿ, ಇರಲಿ. ಹಜಾರದಲ್ಲಿ ನನ್ನ ಹೊಲಿಗೆ ಮಶೀನು ಇತ್ತು. ಬೀದಿಯ ಹೆಂಗಸರ ರವಿಕೆಗಳೆಲ್ಲ ಅಲ್ಲೇ ಹೊಲಿಯುತ್ತಿದ್ದೆ, ಕವನ ಪಕ್ಕದಲ್ಲಿ ಕೂತು ಚೂರು ಬಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದಳು. ಒಂದು ದಿನ ಸಂತೆಯಿಂದ ಬಂದು ನೋಡಿದರೆ ಹಜಾರದ ತುಂಬ ಬೆಂಚು, ಗೋಡೆಗೆ ಯುವಕ ಸಂಘದ ಬೋರ್ಡು. ಮಶೀನು ಹೊರಗೆ ಸೂರಿನಡಿ ಇತ್ತು, ಇರಚಲು ಹೊಡೆದು ಚಕ್ರಕ್ಕೆ ತುಕ್ಕು ಹತ್ತುತ್ತಿತ್ತು. ನಮ್ಮ ಹಜಾರವನ್ನು ಸಂಘಕ್ಕೆ ಕೊಡುತ್ತೇನೆಂದು ಯಾವಾಗ ಒಪ್ಪಿಕೊಂಡಿರಿ, ನನ್ನನ್ನು ಕೇಳಬೇಡವೇ ಎಂದೆ. “ಅದು ನಿಂಗ್ಯಾಕಮ್ಮಿ?” ಎಂದಿರಿ. ಹೊಡೆಯಲಿಲ್ಲ, ಬೈಯಲಿಲ್ಲ. ನೀವು ಯಾವತ್ತೂ ಕೈ ಎತ್ತಿದವರಲ್ಲ, ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆ ಮಾತನ್ನು ಮಾತ್ರ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದಿರಿ. ಆವತ್ತು ಅದು ಸಾಕಾಯಿತು. ಮಶೀನನ್ನು ಬಸ್ಸಿನ ಮೇಲೆ ಹಾಕಿಸಿ, ಮಗಳನ್ನು ಕಂಕುಳಿಗೆ ಎತ್ತಿಕೊಂಡು ನರಸೀಪುರ, ನಂಜನಗೂಡು ಹಾದು ಇಲ್ಲಿಗೆ ಬಂದೆ.

ಈ ಸಲ ಓಟು ಕೇಳಿದ ಕ್ಯಾನ್ವಾಸಿನ ದಿನಗಳನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ನಮ್ಮ ಗುರುತು ಟೇಬಲ್ ಫ್ಯಾನು. ಕರೆಂಟೇ ಇಲ್ಲದ ಬೀದಿಯಲ್ಲಿ ನೀವು ತಲಕಾಡಿನ ಅಂಗಡಿಯಿಂದ ಒಂದು ಫ್ಯಾನು ಕೇಳಿ ತಂದು, ಹೆಗಲ ಮೇಲೆ ಹೊತ್ತುಕೊಂಡು, ಅದರ ವೈರು ಹಿಂದೆ ಮಣ್ಣಿನಲ್ಲಿ ಎಳೆದಾಡುತ್ತಾ ನಡೆದಿರಿ. ಪೋಸ್ಟರಿಗೆ ಫೋಟೋ ತೆಗೆಸುವಾಗ ಸ್ಟುಡಿಯೋದವನಿಗೆ ನೀವೇ ಹೇಳಿ ನನ್ನ ಜಡೆಯನ್ನು ಮುಂದಕ್ಕೆ ಹಾಕಿಸಿದಿರಿ. ಹೆಣ್ಣು ನೋಡಲು ಬಂದಾಗಲೂ ಜಡೆ ನೋಡಿ ಒಪ್ಪಿದವರಲ್ಲವೇ. ಪೋಸ್ಟರಿನ ಕೆಳಗೆ ‘ಶ್ರೀಮತಿ ಕೋಮಲ ಕೋಂ ಮಾದೇಶ್’ ಎಂದಿತ್ತು. ನಿಮ್ಮ ಹೆಸರಿನ ಅಕ್ಷರ ನನ್ನ ಹೆಸರಿಗಿಂತ ದಪ್ಪ.

ನಾಲೆ ಏರಿಯ ಮೇಲೆ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಹಿಂದೆ ಮುಂದೆ ಹುಡುಗರೆಲ್ಲ ಇದ್ದರು. ನೀವು ಫ್ಯಾನು ಕೆಳಗಿಟ್ಟು, ಮಂಡಿಯೂರಿ ಕೂತು, ನನ್ನ ಸೆರಗಿನ ಪಿನ್ನು ಕೇಳಿ ಇಸಿದುಕೊಂಡು ಉಂಗುಷ್ಟಕ್ಕೆ ಚುಚ್ಚಿ ಸರಿಮಾಡಿ ಕೊಟ್ಟಿರಿ. ಓಟಿಗಾಗಿ ಮಾಡಿದಿರೋ ನನಗಾಗಿ ಮಾಡಿದಿರೋ ನಾನು ಕೇಳಲಿಲ್ಲ. ಆ ಚಪ್ಪಲಿಯನ್ನು ಇನ್ನೂ ಎಸೆದಿಲ್ಲ.

ಆದರೆ ನಿಮಗೆ ತಿಳಿಯದ ಇನ್ನೊಂದು ಕ್ಯಾನ್ವಾಸು ಆ ದಿನಗಳಲ್ಲಿ ನಡೆಯುತ್ತಿತ್ತು. ನೀವು ಗಂಡಸರ ಜೊತೆ ಜಗಲಿಯಲ್ಲಿ ಮಾತಾಡುವಾಗ ಹೆಂಗಸರು ನನ್ನನ್ನು ಒಳಗೆ ಒಲೆಯ ಮುಂದೆ ಕರೆದು ಕೂರಿಸುತ್ತಿದ್ದರು. ಅಲ್ಲಿ ಫ್ಯಾನಿನ ಮಾತೂ ಇಲ್ಲ, ಪಾರ್ಟಿಯ ಮಾತೂ ಇಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ. ನಮ್ಮ ಬೀದಿಯ ಕೊನೆಮನೆಯ ಚಿಕ್ಕತಾಯಮ್ಮಜ್ಜಿ ಅದನ್ನು ಮುಖಕ್ಕೆ ಹೊಡೆದ ಹಾಗೆ ಕೇಳಿತು. “ಗೆದ್ಮೇಲೆ ಊರಲ್ಲಿ ಇರ್ತೀಯೇನವ್ವಾ, ಇಲ್ಲಾ ನಿಮ್ಮವ್ವನ ಮನೆ ಸೇರ್ಕತೀಯಾ? ಪುಟ್ಟಮಾದಮ್ಮನ್ನ ಏನ್ ಕೇಳುದ್ರೂ ಗಂಡನ್ ಕೇಳಿ ಅನ್ನಳು. ಗಂಡ ಕೈಗೇ ಸಿಗ್ತಿರ್ನಿಲ್ಲ. ನಮ್ಗೆ ಮೆಂಬ್ರು ಬೇಕು ಕಣವ್ವ, ಮೆಂಬ್ರ ಗಂಡ ಬ್ಯಾಡ.”

ಇರುತ್ತೇನೆ ಅಜ್ಜಿ ಎಂದೆ. ಊರಲ್ಲೇ ಇರುತ್ತೇನೆ, ಏನಿದ್ದರೂ ನನ್ನ ಬಾಯಿಂದಲೇ ಹೇಳುತ್ತೇನೆ ಎಂದೆ. ಆ ಅಜ್ಜಿ ಕರ್ಪೂರ ತರಿಸಲಿಲ್ಲ, ಆಣೆ ಮಾಡಿಸಲಿಲ್ಲ. ಒಲೆಗೆ ಇನ್ನೊಂದು ಸೌದೆ ತಳ್ಳಿ, ತಿನ್ನು ಎಂದು ಬಿಸಿ ರೊಟ್ಟಿ ಕೊಟ್ಟಿತು. ಹಾಗೆ ಎಷ್ಟು ಮನೆಯ ಒಲೆ ಮುಂದೆ ಮಾತು ಕೊಟ್ಟೆನೋ ನನಗೇ ಲೆಕ್ಕವಿಲ್ಲ. ಹನ್ನೊಂದು ಓಟಿನಲ್ಲಿ ಗೆದ್ದೆವಲ್ಲ, ಆ ಹನ್ನೊಂದು ಓಟು ಜಗಲಿಯಿಂದ ಬಂದದ್ದಲ್ಲ, ಒಳಗಿನಿಂದ ಬಂದದ್ದು ಎಂದೇ ನನ್ನ ನಂಬಿಕೆ. ನೀವು ಫ್ಯಾನಿಗೆ ಹೂವಿನ ಹಾರ ಹಾಕಿ ಕುಣಿದಿರಿ. ಕುಣಿಯಲಿ, ಖುಷಿ ಅಲ್ಲವೇ ಎಂದು ನಾನೂ ಸುಮ್ಮನಿದ್ದೆ.

ಗೆದ್ದದ್ದು ಯಾತಕ್ಕೆಂದು ಆಮೇಲೆ ತಿಳಿಯಿತು. ಪಂಚಾಯ್ತಿ ಅಧ್ಯಕ್ಷೆ ಚನ್ನಾಜಮ್ಮನವರನ್ನು ಇಳಿಸಲು ನಿಮ್ಮ ಲೀಡರು, ಹಿರಿಯ ಮೆಂಬರು ಗಂಗಾಧರಸ್ವಾಮಿಯವರು ಕಾದು ಕೂತಿದ್ದರು. ಹದಿನೈದು ಜನರಲ್ಲಿ ಹತ್ತು ಕೈ ಎದ್ದರೆ ಅವಿಶ್ವಾಸ ಗೆಲ್ಲುತ್ತದೆ, ಅವರ ಹತ್ತಿರ ಇದ್ದದ್ದು ಒಂಬತ್ತು. ಹತ್ತನೆಯ ಕೈಗಾಗಿ ನಿಮ್ಮನ್ನು ಹಿಡಿದರು, ನೀವು ನನ್ನನ್ನು ಹಿಡಿದು ತಂದಿರಿ. ಚನ್ನಾಜಮ್ಮನವರನ್ನು ಅಧ್ಯಕ್ಷೆ ಮಾಡಿದವರೂ ಇದೇ ಗಂಗಾಧರಸ್ವಾಮಿಯವರೇ. ಹೇಳಿದಲ್ಲಿ ಸಹಿ ಹಾಕುತ್ತಾರೆಂದು ಕೂರಿಸಿದ್ದರು. ಅವರು ಓದಿ ಸಹಿ ಹಾಕಲು ಶುರುಮಾಡಿದರು, ಅದೇ ಜಗಳ.

ಆ ಚನ್ನಾಜಮ್ಮ ನನಗೇನೂ ನೆಂಟರಲ್ಲ. ಎಲೆಕ್ಷನ್ನಿನಲ್ಲಿ ನನ್ನ ಎದುರಾಳಿಯ ಪರ ಮನೆ ಮನೆ ತಿರುಗಿದವರು. ನಮ್ಮ ಬೀದಿಗೆ ಬಂದರೆ ಒಂದು ಲೋಟ ನೀರು ಮುಟ್ಟಿದವರಲ್ಲ. ಅವರ ಮೇಲಿನ ಪ್ರೀತಿಯಿಂದ ನಾನು ಏನನ್ನೂ ಮಾಡಲಿಲ್ಲ, ಇದನ್ನು ನೀವು ಚೆನ್ನಾಗಿ ತಿಳಿದುಕೊಳ್ಳಬೇಕು. ಹಾಗೆಂದು ಗಂಗಾಧರಸ್ವಾಮಿಯವರೂ ನಿಮಗೇನು ನೆಂಟರೇ? ಹತ್ತು ವರ್ಷದಿಂದ ಅವರ ಹಿಂದೆ ಓಡಾಡುತ್ತಿದ್ದೀರಿ. ಅವರ ಜಗಲಿ ದಾಟಿ ಒಳಗೆ ಒಂದು ದಿನ ಕರೆದಿದ್ದಾರೆಯೇ? ಜಗಲಿಯ ಮೇಲೂ ಅಲ್ಲ, ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತೀರಿ. ಅವರ ಕೆಲಸಕ್ಕೆ ಮಾತ್ರ ನಮ್ಮ ಹಜಾರ ಬೇಕು, ನಮ್ಮ ಕೈ ಬೇಕು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ, ನಿಮ್ಮ ಮೇಲಲ್ಲ.

ಎದುರು ಪಾರ್ಟಿಯವರು ಮೆಂಬರುಗಳನ್ನು ಎತ್ತಿಕೊಂಡು ಹೋದಾರು ಎಂದು ನಮ್ಮನ್ನೆಲ್ಲ ಮೆಟಡೋರಿನಲ್ಲಿ ತುಂಬಿ ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋದರಲ್ಲ, ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತೇ! ಹದಿಮೂರು ವರ್ಷದ ಸಂಸಾರದಲ್ಲಿ ನೀವು ನನ್ನನ್ನು ಜೊತೆಯಲ್ಲಿ ಕೂರಿಸಿಕೊಂಡು ಹೋದ ಮೊದಲ ಊರು ಅದು. ಘಾಟಿಯ ತಿರುವುಗಳಲ್ಲಿ ನನಗೆ ತಲೆ ಸುತ್ತಿದಾಗ ನಿಂಬೆಹಣ್ಣು ಮೂಸಲು ಕೊಟ್ಟು ನಿಮ್ಮ ಹೆಗಲಿಗೆ ಒರಗಿಸಿಕೊಂಡಿರಿ. ಯಾರದೋ ಕುರ್ಚಿ ಎಳೆಯಲು ಹೋಗುವ ಗಾಡಿಯಾದರೂ ಸರಿ, ಇನ್ನೂ ನಾಲ್ಕು ತಿರುವು ಇರಲಿ ಎಂದುಕೊಂಡೆ.

ಬೆಟ್ಟದ ಛತ್ರದಲ್ಲಿ ಗಂಡಸರೆಲ್ಲ ಇಸ್ಪೀಟಿಗೆ ಕೂತಾಗ ನಾವು ನಾಲ್ಕು ಜನ ಹೆಂಗಸು ಮೆಂಬರುಗಳು ಹುರಿಗಡಲೆ ತಿನ್ನುತ್ತಾ ಕೂತಿದ್ದೆವು. ಚನ್ನಾಜಮ್ಮನವರು ಮಾಡಿದ ತಪ್ಪೇನು ಎಂದು ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಒಬ್ಬಾಕೆ, ಅವಳು ಬಹಳ ಮಾತಾಡುತ್ತಾಳಂತೆ ಎಂದಳು. ಇನ್ನೊಬ್ಬಾಕೆ, ನಮ್ಮ ಯಜಮಾನರಿಗೆ ಗೊತ್ತಿರಬೇಕು ಎಂದಳು. ರಾತ್ರಿ ನಿಮ್ಮನ್ನು ಕೇಳಿದೆ. ನೀವು ಮಗ್ಗುಲು ಬದಲಿಸುತ್ತಾ “ಅದು ನಿಂಗ್ಯಾಕಮ್ಮಿ? ಕೈ ಎತ್ತು ಅಂದಾಗ ಎತ್ತು, ಸಾಕು” ಎಂದು ಹೇಳಿ ನಿದ್ದೆಹೋದಿರಿ. ನಾನು ಮಲಗಿಕೊಂಡೇ ನನ್ನ ಮಶೀನಿನ ತುಕ್ಕು ಹಿಡಿದ ಚಕ್ರವನ್ನು ನೆನೆಸಿಕೊಂಡೆ.

ಬೆಳಿಗ್ಗೆ ಗುಡಿಯ ಮುಂದೆ ಆಣೆ. ತಟ್ಟೆಯಲ್ಲಿ ಕರ್ಪೂರ ಹಚ್ಚಿಟ್ಟು, ಒಬ್ಬೊಬ್ಬರೇ ಬಂದು ಮಾತು ಕೊಟ್ಟು ಕೈಯಿಂದ ಉರಿ ಆರಿಸಬೇಕು, ಮಾತಿಗೆ ತಪ್ಪಿದರೆ ಮಾದಪ್ಪ ಬಿಡುವುದಿಲ್ಲ. ಗಂಡಸು ಮೆಂಬರುಗಳದ್ದು ಆಯಿತು. ನಾನು ಸೆರಗು ಹೊದ್ದು ಮುಂದೆ ಹೆಜ್ಜೆ ಇಟ್ಟೆ. ಗಂಗಾಧರಸ್ವಾಮಿಯವರು ಕೈ ಅಡ್ಡ ಹಿಡಿದು “ಎಂಗಸ್ರೆಲ್ಲ ಯಾಕೆ, ಅವ್ರವ್ರ ಯಜಮಾನ್ರೇ ಆರಿಸ್ಲಿ ಬುಡ್ರಪ್ಪ, ಬೇಗ ಮುಗೀತದೆ” ಎಂದರು. ನೀವು ಒಂದು ಗಳಿಗೆಯೂ ನನ್ನ ಕಡೆ ತಿರುಗಲಿಲ್ಲ. ತಟ್ಟೆಗೆ ಕೈ ಚಾಚಿ, “ನಮ್ಮನೆ ಕೈ ನಿಮ್ಮ ಕಡೀಕೇ ಸ್ವಾಮಿ, ತಪ್ಪುದ್ರೆ ಮಾದಪ್ಪ ನನ್ನ ನೋಡ್ಕಳ್ಳಿ” ಎಂದು ಆರಿಸಿಬಿಟ್ಟಿರಿ. ನಾನು ಲಾಡಿನ ಪೊಟ್ಟಣ ಹಿಡಿದುಕೊಂಡು ಹಿಂದೆ ನಿಂತಿದ್ದೆ. ನನ್ನ ಕೈಯನ್ನು ನೀವು ಆಣೆಗೆ ಹಾಕಿದಿರಿ, ಆಣೆಯ ಕೇಡನ್ನು ನಿಮ್ಮ ತಲೆಯ ಮೇಲೆ ಎಳೆದುಕೊಂಡಿರಿ. ಎರಡನ್ನೂ ನನ್ನನ್ನು ಕೇಳಿ ಮಾಡಲಿಲ್ಲ.

ಆ ಹಿರಿಯರೆಲ್ಲ ಬುದ್ಧಿವಂತರೇ. ಆದರೆ ಓಟು ಹೆಂಗಸಿನದು, ಆಣೆ ಗಂಡನದು ಎಂದು ಮಾಡಿದರೆ ಎರಡೂ ಒಂದನ್ನೊಂದು ಮುಟ್ಟುವುದಿಲ್ಲ ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ!

ಸಭೆಯ ದಿನ ನಡೆದದ್ದನ್ನು ನೀವು ಕಿಟಕಿಯಿಂದ ನೋಡಿದಿರಿ. ಹೆಂಗಸು ಮೆಂಬರುಗಳ ಗಂಡಂದಿರೆಲ್ಲ ಪಂಚಾಯ್ತಿ ಆಫೀಸಿನ ಕಿಟಕಿಯ ಸರಳು ಹಿಡಿದು ನಿಂತಿದ್ದಿರಿ. ಆದರೆ ಕಿಟಕಿಯಿಂದ ಮಾತು ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಸಭೆ ನಡೆಸಲು ಬಂದಿದ್ದ ಎ.ಸಿ. ಸಾಹೇಬರು ನೋಟೀಸು ಓದಿದರು. ಆಡಳಿತದಲ್ಲಿ ವಿಫಲರಾಗಿದ್ದಾರೆ ಎಂದು ಅದರಲ್ಲಿತ್ತು. ಯಾರಾದರೂ ಮಾತಾಡುವುದಿದೆಯೇ ಎಂದು ಅವರು ವಾಡಿಕೆಗೆ ಕೇಳಿದರು. ನಾನು ಎದ್ದೆ. “ಸಾ, ನಾನು ಹೊಸಬಳು. ಯಾವ ಕೆಲಸದಲ್ಲಿ ವಿಫಲ ಆಗವ್ರೆ ಅಂತ ಒಂದ್ ಹೇಳ್ಬುಟ್ರೆ ಕೈ ಎತ್ತಕ್ಕೆ ಅನುಕೂಲ” ಎಂದೆ. ಸಾಹೇಬರು ನೋಟೀಸು ಕೊಟ್ಟವರ ಕಡೆ ನೋಡಿದರು. ಅವರು ಗಂಗಾಧರಸ್ವಾಮಿಯವರ ಕಡೆ ನೋಡಿದರು. ಗಂಗಾಧರಸ್ವಾಮಿಯವರು ಮೇಲಿನ ಫ್ಯಾನು ನೋಡಿದರು. ಒಬ್ಬರಾದರೂ ಒಂದು ಸುಳ್ಳನ್ನಾದರೂ ಹೇಳಿದ್ದರೆ, ಸತ್ಯವಾಗಿ ಹೇಳುತ್ತೇನೆ, ನಿಮಗೋಸ್ಕರ ನಾನು ಕೈ ಎತ್ತಿಬಿಡುತ್ತಿದ್ದೆ. ಅಷ್ಟು ಸಡಿಲವಾಗಿತ್ತು ನನ್ನ ಮನಸ್ಸು. ಯಾರೂ ಹೇಳಲಿಲ್ಲ. ಹೆಂಗಸರಿಗೆ ಕಾರಣ ಹೇಳಬೇಕಾಗುತ್ತದೆ ಎಂದು ಅವರಿಗೆ ತೋಚಿರಲೇ ಇಲ್ಲ.

ಕೈ ಎತ್ತಿ ಎಂದರು. ಒಂಬತ್ತು ಕೈ ಎದ್ದವು. ನೀವು ಕಿಟಕಿಯಾಚೆಯಿಂದ ನಿಮ್ಮ ಕೈಯನ್ನೇ ಎತ್ತಿ ಎತ್ತಿ ತೋರಿಸುತ್ತಿದ್ದಿರಿ. ನಾನು ನಿಮ್ಮನ್ನೇ ನೋಡುತ್ತಿದ್ದೆ. ನನ್ನ ಎರಡು ಕೈಯನ್ನೂ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತೆ.

ಹೊರಗೆ ಬಂದಾಗ ಗಂಗಾಧರಸ್ವಾಮಿಯವರು ನಿಮಗೆ ಅಂದದ್ದು ನನ್ನ ಕಿವಿಗೆ ಬಿತ್ತು. “ಥೂ, ಎಡ್ತೀನ ಇಡಿತದಲ್ಲಿ ಇಟ್ಕಳ್ಳಕ್ಕಾಗದ ನೀನು ಲೀಡ್ರಾ?” ಎಂದರು. ಅಷ್ಟು ಜನರ ಮುಂದೆ ನೀವು ತಲೆ ತಗ್ಗಿಸಿ ನಿಂತಿರಿ. ಆ ನೋಟ ನನಗೆ ಸಹಿಸಲಾಗಲಿಲ್ಲ. ಕೈ ಎತ್ತದೆ ಇದ್ದದ್ದಕ್ಕೆ ನನಗೆ ಈ ಹೊತ್ತಿಗೂ ಪಶ್ಚಾತ್ತಾಪವಿಲ್ಲ. ನಿಮ್ಮ ತಲೆ ತಗ್ಗಿದ್ದಕ್ಕೆ ಮಾತ್ರ ಸಂಕಟ ಇದೆ, ಅದು ಹೋಗಿಲ್ಲ. ಎರಡೂ ಒಂದೇ ಎದೆಯಲ್ಲಿ ಇರಬಹುದೇ ಎಂದು ಕೇಳಬೇಡಿ, ಇವೆ.

ಮನೆಗೆ ನೀವು ಮುಂದೆ, ನಾನು ಹಿಂದೆ ನಡೆದೆವು. ಉಂಡಿರಿ, ತಟ್ಟೆ ತೊಳೆದಿಟ್ಟಿರಿ, ಗೋಡೆ ಕಡೆ ತಿರುಗಿ ಮಲಗಿದಿರಿ. ಬೈದಿದ್ದರೆ ನಾನೂ ಬೈದು, ಜಗಳ ಮುಗಿಸಿ ಮಲಗಬಹುದಿತ್ತು. ಬೆಳಿಗ್ಗೆ ಕವನಳನ್ನು ನೋಡಿ ಬರುತ್ತೇನೆ ಎಂದು ಹೊರಟೆ. ಬೇಡವೆನ್ನಲಿಲ್ಲ, ಬಸ್ಸಿನವರೆಗೆ ಬರಲೂ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಉತ್ತರ.

ರಾಜೀನಾಮೆ ಕೊಡುವುದಿಲ್ಲ. ಕೊಟ್ಟರೆ ಮತ್ತೆ ಬೈ-ಎಲೆಕ್ಷನ್ನು, ಸೀಟು ಮತ್ತೆ ಎಸ್ಸಿ ಲೇಡೀಸೇ. ಆಗ ಯಾರನ್ನು ನಿಲ್ಲಿಸುತ್ತೀರಿ? ಇನ್ನೊಂದು ಮದುವೆಯಾಗಬೇಕಾದೀತು, ಗಡ್ಡ ಬಿಟ್ಟವರಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ತಮಾಷೆ ಇರಲಿ. ಚಿಕ್ಕತಾಯಮ್ಮಜ್ಜಿಗೆ ಊರಲ್ಲಿ ಇರುತ್ತೇನೆಂದು ಮಾತು ಕೊಟ್ಟಿದ್ದೇನೆ. ಕರ್ಪೂರವಿಲ್ಲದ ಮಾತಾದರೂ ಅದು ನಾನೇ ಕೊಟ್ಟದ್ದು. ಸೋಮವಾರ ಇಪ್ಪತ್ತಾರನೆಯ ತಾರೀಖು ಪಂಚಾಯ್ತಿ ಮೀಟಿಂಗ್ ಇದೆ. ನಮ್ಮ ಬೀದಿಯ ನಲ್ಲಿಯ ವಿಷಯ ನಾನು ಕೇಳಬೇಕು. ಹಾಗಾಗಿ ಹಿಂದಿನ ದಿನ ಭಾನುವಾರ ಸಂಜೆಯ ಬಸ್ಸಿಗೆ ನಾನೂ ಕವನಳೂ ಬರುತ್ತೇವೆ. ಶಾಲೆಯಲ್ಲಿ ಅವಳ ಟಿ.ಸಿ.ಯನ್ನೂ ಕೇಳಿದ್ದೇನೆ. ಮಶೀನನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಬರುತ್ತೇನೆ.

ಊರಿಗೆ ಬರುವುದು ಖಂಡಿತ. ಯಾವ ಮನೆಗೆ ಎಂಬುದನ್ನು ನೀವು ಹೇಳಬೇಕು. ಹಜಾರದ ಬೆಂಚುಗಳು ಸಮುದಾಯ ಭವನಕ್ಕೆ ಹೋಗಿದ್ದರೆ, ಮಶೀನಿಗೆ ಆ ಕಿಟಕಿಯ ಪಕ್ಕದ ಜಾಗ ಖಾಲಿಯಿದ್ದರೆ, ನಾನು ನೇರ ನಮ್ಮ ಮನೆಗೆ ಬಂದು ಒಲೆ ಹಚ್ಚುತ್ತೇನೆ. ಬೆಂಚುಗಳು ಅಲ್ಲೇ ಇದ್ದರೆ ಚಿಕ್ಕತಾಯಮ್ಮಜ್ಜಿಯ ಮನೆಯಲ್ಲಿ ಒಂದು ಕೋಣೆ ಇದೆ, ಅಜ್ಜಿ ಬಾ ಎಂದಿದೆ. ಅಲ್ಲಿದ್ದರೂ ನಿಮ್ಮ ಹೆಂಡತಿಯಾಗಿಯೇ ಇರುತ್ತೇನೆ, ದೂರದಿಂದ. ಆದರೆ ನನ್ನ ಆಸೆ ಯಾವುದೆಂದು ನಿಮಗೆ ಗೊತ್ತಾಗದೆ ಹೋದರೆ ಇಷ್ಟುದ್ದ ಕಾಗದ ಬರೆದದ್ದೇ ದಂಡ. ನನಗೆ ನಿಮ್ಮ ಜೊತೆ ಇರಬೇಕು. ನಿಮ್ಮ ಕೈಯಾಗಿ ಅಲ್ಲ, ನಿಮ್ಮ ಪಕ್ಕದಲ್ಲಿ.

ಸ್ಕೂಟರ್ ತೆಗೆದುಕೊಂಡು ಬಸ್ ಸ್ಟಾಪಿಗೆ ಬನ್ನಿ. ಬರದಿದ್ದರೆ ಮಶೀನು ಹೊರಲು ಬೇರೆ ಯಾರನ್ನಾದರೂ ಕರೆಯುತ್ತೇನೆ, ಆಗ ಊರೆಲ್ಲ ನೋಡುತ್ತದೆ, ನಿಮಗೇ ನಾಚಿಕೆ.

ಇಂತಿ,
ಪೋಸ್ಟರಿನಲ್ಲಿ ಸಣ್ಣ ಅಕ್ಷರದವಳು,
ಕೋಮಲ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗಿಟ್ಟದ್ದು: ಆಣೆ ತಪ್ಪಿತು, ಮಾದಪ್ಪ ನನ್ನನ್ನು ಬಿಡುವುದಿಲ್ಲ ಎಂದು ನೀವು ನಡುಗುತ್ತಿದ್ದೀರಿ, ಅದಕ್ಕೇ ಊಟ ಸೇರುತ್ತಿಲ್ಲ ಎಂದು ರವಿಕುಮಾರ ಬಾಯಿ ತಪ್ಪಿ ಹೇಳಿಬಿಟ್ಟ. ಮೊನ್ನೆ ನಾನೊಬ್ಬಳೇ ಚಾಮರಾಜನಗರ, ಕೊಳ್ಳೇಗಾಲದ ಮೇಲೆ ಬೆಟ್ಟಕ್ಕೆ ಹೋಗಿದ್ದೆ. ಗುಡಿಯಲ್ಲಿ ಪೂಜೆ ಮಾಡುವ ತಮ್ಮಡಿಗೆ ನಡೆದದ್ದನ್ನೆಲ್ಲ ಹೇಳಿದೆ. “ಆಣೆ ಆರಿಸ್ದೋನಿಗೆ ಕಣವ್ವ, ನಿಂಗೆ ತಗುಲದಿಲ್ಲ, ನಿಶ್ಚಿಂತೇಲಿ ಓಗು” ಎಂದರು. ನನ್ನ ನಿಶ್ಚಿಂತೆ ಕೇಳಲು ನಾನು ಅಷ್ಟು ದೂರ ಹೋಗಿರಲಿಲ್ಲ. ಗಂಡನ ಪರವಾಗಿ ಹೆಂಡತಿ ತಪ್ಪುಕಾಣಿಕೆ ಒಪ್ಪಿಸಬಹುದೇ ಎಂದು ಕೇಳಿದೆ. ಮನಸ್ಸಿದ್ದರೆ ಒಪ್ಪಿಸಬಹುದು ಎಂದರು. ಮೂರು ಬೆರಳು ಮುಡಿ ಸಾಕು ಎಂದರೂ ನಾನು ಪೂರ್ತಿ ಮುಡಿ ಕೊಟ್ಟು ಬಂದೆ. ನಿಮ್ಮ ಆಣೆ ತೀರಿತು. ಇನ್ನು ಹೊಟ್ಟೆ ತುಂಬ ಉಣ್ಣಿ.

ಅವ್ವ ಮುಖ ನೋಡದಿರುವುದು, ಕವನ ನಗುವುದು, ಎರಡೂ ಅದಕ್ಕೇ. ಭಾನುವಾರ ಬಸ್ಸಿನ ಹತ್ತಿರ ಜಡೆ ಹುಡುಕಬೇಡಿ, ಸೆರಗು ಹೊದ್ದವಳನ್ನು ಹುಡುಕಿ. ಯಾಕಮ್ಮಿ ಇಂಗ್ ಮಾಡ್ದೆ, ನನ್ ಒಂದ್ ಮಾತು ಕೇಳ್ಬೇಡ್ವಾ ಎಂದು ನೀವು ಕೇಳಿಯೇ ಕೇಳುತ್ತೀರಿ. ಅದು ನಿಂಗ್ಯಾಕೆ ಎನ್ನುತ್ತೇನೆ. ಒಂದು ಸಲವಾದರೂ ನಿಮಗೆ ಹಾಗೆನ್ನಬೇಕೆಂದು ನನಗೆ ಬಹಳ ದಿನದಿಂದ ಆಸೆಯಿತ್ತು.